ಹಲಗೆ ತೆಗೆದ ಮರುದಿನ: ಒಂದು ಅಳಿವೆಯ ಕಸದ ಪ್ರಕರಣ

ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಹೊಳೆಯ ಹೆಸರೂ ಇಲ್ಲ. ಕುಂದಾಪುರ ಕನ್ನಡ ಮಾತಾಡುವ ಕಡೆ, ಹೊಳೆ ಸಮುದ್ರ ಸೇರುವ ಒಂದು ಅಳಿವೆ ಅಂತ ಇಟ್ಟುಕೊಳ್ಳಿ. ಹೆಸರು ಹಾಕಿದರೆ ದೋಣಿಯವರು, ಪಕ್ಕದ ಪಂಚಾಯತ್‌ನವರು, ಅಣೆಕಟ್ಟಿನ ಗುತ್ತಿಗೆದಾರರು ಎಲ್ಲರ ಗುರುತೂ ಸಿಗುತ್ತದೆ. ಅವರ ಜೊತೆ ನಮಗೆ ಇನ್ನೂ ಕೆಲಸ ಇದೆ.

ನಾನು ಊರಿನ ಯುವಕ ಮಂಡಲದ ಲೆಕ್ಕ ಬರೆಯುವವ. ಹೊಟ್ಟೆಪಾಡಿಗೆ ಜೆಟ್ಟಿ ರಸ್ತೆಯಲ್ಲಿ ಒಂದು ದಿನಸಿ ಅಂಗಡಿ. ಅಂಗಡಿಯ ವಿಷಯ ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಅಳಿವೆ ಮತ್ತು ಅದನ್ನು ನಂಬಿದವರು

ನಮ್ಮ ಹೊಳೆ ಸಮುದ್ರದ ಹತ್ತಿರ ಬಂದ ಮೇಲೆ ಅಗಲವಾಗಿ ಹರಡಿಕೊಳ್ಳುತ್ತದೆ. ನಡುವೆ ಎರಡು ಕುದ್ರು, ಅಂದರೆ ಹೊಳೆ ನಡುವಿನ ಸಣ್ಣ ದ್ವೀಪ. ದಂಡೆಯ ಉದ್ದಕ್ಕೂ ಅಲ್ಲಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ. ಒಂದು ಬದಿಗೆ ಸಣ್ಣ ಜೆಟ್ಟಿ, ಅಲ್ಲಿ ನಾಡದೋಣಿಗಳು ಮತ್ತು ಕೆಲವು ಟ್ರಾಲ್ ಬೋಟ್. ಮೇಲುಗಡೆ ಹೆದ್ದಾರಿಯ ಸೇತುವೆ. ಅದರಾಚೆ ಪೇಟೆ. ಪೇಟೆಯ ನೀರೆಲ್ಲ ಒಂದು ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರಿ, ಕಿಂಡಿ ಅಣೆಕಟ್ಟು ದಾಟಿ, ಹೊಳೆಗೆ ಬರುತ್ತದೆ.

ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಏರು ಜೋರು. ಇಳಿದಾಗ ಕೆಸರು ದಿಬ್ಬಗಳು ಮೇಲೆ ಕಾಣುತ್ತವೆ. ಆಗ ಹೆಂಗಸರು ಬುಟ್ಟಿ ಹಿಡಿದು ಚಿಪ್ಪು ಹೆಕ್ಕಲು ಇಳಿಯುತ್ತಾರೆ. ಬೀಸುಬಲೆಯವರು, ಏಡಿ ಹಿಡಿಯುವವರು, ಸಿಗಡಿಯವರು ಎಲ್ಲರಿಗೂ ಇದೇ ಹೊಳೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಊರಿನ ಅಡುಗೆಮನೆಗೆ ಮೀನು ಬರುವುದು ಜಾಸ್ತಿ ಇಲ್ಲಿಂದಲೇ. ಆದ್ದರಿಂದ ನಮ್ಮ ಕಡೆ ಅಳಿವೆ ಅಂದರೆ ನೋಡಿ ಬರುವ ಜಾಗ ಅಲ್ಲ, ದುಡಿಯುವ ಜಾಗ.

ತೊಂದರೆ ಶುರುವಾದದ್ದು ಯಾವಾಗ ಅಂತ ಯಾರಿಗೂ ಹೇಳಲು ಬರುವುದಿಲ್ಲ. ನಿಧಾನಕ್ಕೆ ಆಯಿತು. ಮೊದಲು ಗೊಣಗಿದವರು ಎಂಜಿನ್ ದೋಣಿಯವರು. ಪ್ಲಾಸ್ಟಿಕ್ ಹಾಳೆ, ಹಗ್ಗ ಫ್ಯಾನ್‌ಗೆ ಸುತ್ತಿಕೊಳ್ಳುತ್ತಿತ್ತು. ಎಂಜಿನ್ನಿಗೆ ತಂಪು ನೀರು ಎಳೆಯುವ ತೂತಿಗೆ ಕವರ್ ಅಂಟಿಕೊಂಡರೆ ಎಂಜಿನ್ ಬಿಸಿಯಾಗಿ ನಿಲ್ಲುತ್ತದೆ. ಅಳಿವೆ ಬಾಗಿಲಲ್ಲಿ, ಅಲೆ ಒಡೆಯುವ ಜಾಗದಲ್ಲಿ ಎಂಜಿನ್ ನಿಂತರೆ ಜೀವಕ್ಕೇ ಅಪಾಯ. ಒಂದು ಸಲ ಹಾಗೇ ಆಗಿ ದೋಣಿ ಮಗುಚಿತು. ಇಬ್ಬರೂ ಈಜಿ ದಡ ಸೇರಿದರು. ಬಲೆ ಹೋಯಿತು. ಮಂಡಲದಲ್ಲಿ ಮೊದಲ ಸಭೆ ಕರೆದದ್ದು ಆ ವಾರ.

ಮೊದಲ ವರ್ಷದ ಭಾನುವಾರಗಳು

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಭಾನುವಾರ ಬೆಳಿಗ್ಗೆ ಆರೂವರೆಗೆ ಸೇರುವುದು, ಕೈಗವಸು ಹಾಕಿಕೊಳ್ಳುವುದು, ಕಸ ಹೆಕ್ಕುವುದು, ಫೋಟೋ ತೆಗೆಯುವುದು, ಕೊನೆಗೆ ಅವಲಕ್ಕಿ, ಚಹಾ. ಮೊದಲ ದಿನ ಐವತ್ತಕ್ಕೂ ಜಾಸ್ತಿ ಜನ ಬಂದಿದ್ದರು. ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳೂ ಬಂದರು. ಸಿಮೆಂಟ್ ಚೀಲಗಳಲ್ಲಿ ತುಂಬಿ ದಂಡೆಯ ಮೇಲೆ ಸಾಲಾಗಿ ಇಟ್ಟೆವು. ನೋಡಲು ಚಂದ ಇತ್ತು, ನಿಜ ಹೇಳಬೇಕು.

ಸೋಮವಾರ ಪಂಚಾಯತ್‌ನ ಗಾಡಿ ಬರಬೇಕಿತ್ತು. ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಹುಣ್ಣಿಮೆ. ರಾತ್ರಿ ಏರು ಬಂದು ದಂಡೆಯ ಚೀಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊಳೆಗೆ ಎಳೆದುಕೊಂಡು ಹೋಯಿತು. ಗುರುವಾರ ಬೆಳಿಗ್ಗೆ ಅದೇ ಕಸ, ಈಗ ಚೀಲದ ಸಮೇತ, ಕುದ್ರುವಿನ ಆಚೆ ಬದಿಗೆ ಬಿದ್ದಿತ್ತು. ಹೊಳೆ ದಂಡೆಯಲ್ಲೇ ಹುಟ್ಟಿ ಬೆಳೆದ ನಮಗೆ ಹುಣ್ಣಿಮೆ ನೆನಪಿಗೆ ಬರಲಿಲ್ಲ ಅಂದರೆ ಯಾರು ನಂಬುತ್ತಾರೆ?

ಗಾಡಿ ಯಾಕೆ ಬರಲಿಲ್ಲ ಅಂತ ಪಿಡಿಒ ಅವರ ಹತ್ತಿರ ಕೇಳಿದೆವು. ಅವರು ಸಿಟ್ಟಾಗಲಿಲ್ಲ. ನಮ್ಮ ಪಂಚಾಯತ್‌ನಲ್ಲಿ ಒಣ ಕಸ ಬೇರ್ಪಡಿಸುವ ಘಟಕ ಇದೆ, ಸಂಜೀವಿನಿ ಸ್ವಸಹಾಯ ಗುಂಪುಗಳ ಒಕ್ಕೂಟದ ಹೆಂಗಸರು ನಡೆಸುತ್ತಾರೆ. ಅಲ್ಲಿಗೇ ಕರೆದುಕೊಂಡು ಹೋಗಿ ತೋರಿಸಿದರು. ನಾವು ಕಳಿಸಿದ ಒಂದೆರಡು ಚೀಲ ಮೂಲೆಯಲ್ಲಿ ಹಾಗೇ ಬಿದ್ದಿದ್ದವು, ನಾರುತ್ತಿದ್ದವು. ಮನೆಯಿಂದ ಬರುವ ಪ್ಲಾಸ್ಟಿಕ್ ಒಣಗಿರುತ್ತದೆ. ಹೊಳೆಯದು ಉಪ್ಪು, ಹೊಯಿಗೆ (ಮರಳು), ಪಾಚಿ ಹಿಡಿದದ್ದು. ಗುಜರಿಯವರು ಮುಟ್ಟುವುದಿಲ್ಲ. ಮರುಬಳಕೆಗೆ ಬಾರದ ಪ್ಲಾಸ್ಟಿಕ್ ಸುಡುವ ಸಿಮೆಂಟ್ ಕಾರ್ಖಾನೆಯ ಒಲೆಗೂ ಉಪ್ಪು ಆಗಿಬರುವುದಿಲ್ಲ. "ಮರಾಯ್ರೆ, ನೀವು ಹೊಳೆ ಸ್ವಚ್ಛ ಮಾಡಿದ್ದಲ್ಲ, ಹೊಳೆಯ ಕಸ ನಮ್ಮ ತಲೆಗೆ ಹಾಕಿದ್ದು" ಅಂದರು ಅಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು. ನಗುತ್ತಲೇ ಅಂದರು. ಆದರೂ ತಾಗಿತು.

ಇನ್ನೊಂದು ಎಡವಟ್ಟು ಕಾಂಡ್ಲಾದಲ್ಲಿ. ಗಿಡಗಳ ಬುಡದಲ್ಲಿ ಕಸ ಜಾಸ್ತಿ ಸಿಕ್ಕಿಕೊಂಡಿರುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಮಕ್ಕಳ ಕೈಗೆ ಕಬ್ಬಿಣದ ಹಲ್ಲಿನ ಕುಂಟೆ ಕೊಟ್ಟು ಕಳಿಸಿದೆವು. ಉಪ್ಪಟಿ ಜಾತಿಯ ಗಿಡಕ್ಕೆ ಕೆಸರಿನಿಂದ ಮೇಲೆ ಬೆರಳಿನ ಹಾಗೆ ಉಸಿರು ಬೇರುಗಳು ಎದ್ದಿರುತ್ತವೆ. ಗಾಳಿ ಇಲ್ಲದ ಕೆಸರಲ್ಲಿ ಗಿಡ ಬದುಕುವುದೇ ಅವುಗಳಿಂದ. ಕುಂಟೆ ಎಳೆದಲ್ಲೆಲ್ಲ ಅವು ಮುರಿದು ಬಂದವು. ಎಳೆ ಸಸಿಗಳು ಕಾಲಡಿ ಸಿಕ್ಕಿ ಹೋದವು. ಅರಣ್ಯ ಇಲಾಖೆಯ ಗಾರ್ಡ್ ಬಂದು ನೋಡಿ ಏನೂ ಬೈಯಲಿಲ್ಲ. ಮುರಿದ ಬೇರು ಹೆಕ್ಕಿ ಹೆಕ್ಕಿ ಒಂದು ಕಡೆ ರಾಶಿ ಹಾಕಿದರು. ಮಕ್ಕಳು ಆಮೇಲೆ ಮಾತಾಡಲಿಲ್ಲ. ಅಂದಿನಿಂದ ಕಾಂಡ್ಲಾದೊಳಗೆ ಕುಂಟೆ ಇಲ್ಲ. ಹೋದರೂ ಐದಾರು ಜನ, ನೀರು ಇಳಿದಾಗ ಮಾತ್ರ, ಕೈಯಲ್ಲೇ ಹೆಕ್ಕುವುದು. ಬೇರಿಗೆ ಹೆಣೆದುಕೊಂಡ ಬಲೆಯನ್ನು ಎಳೆಯುವುದಿಲ್ಲ, ಕತ್ತರಿಯಿಂದ ತುಂಡು ತುಂಡು ಮಾಡಿ ಬಿಡಿಸುತ್ತೇವೆ.

ಆ ವರ್ಷ ಮಳೆಗಾಲದವರೆಗೆ ಹನ್ನೊಂದು ಭಾನುವಾರ ಹೆಕ್ಕಿದೆವು. ಹನ್ನೊಂದನೆಯ ಭಾನುವಾರ ಬಂದವರು ಏಳು ಜನ. ಅವಲಕ್ಕಿ ಉಳಿಯಿತು.

ತೋಡಿಗೆ ಅಡ್ಡ ಹಗ್ಗ

ಕಸ ಬರುವ ದಾರಿಯಲ್ಲೇ ತಡೆದರೆ ಹೇಗೆ ಅಂತ ಯಾರೋ ಮೊಬೈಲಲ್ಲಿ ವಿಡಿಯೋ ತೋರಿಸಿದರು. ಹೊಳೆಗೆ ಅಡ್ಡ ತೇಲುವ ತಡೆ ಕಟ್ಟುವುದು, ಕಸ ಅಲ್ಲೇ ನಿಲ್ಲುವುದು. ಒಳ್ಳೆಯ ಯೋಚನೆ. ಕಂಪೆನಿಯವರು ಮಾಡುವ ತಡೆಗೆ ನಮ್ಮ ಹತ್ತಿರ ದುಡ್ಡಿಲ್ಲ. ನಮ್ಮಲ್ಲಿ ಇರುವುದು ಹಳೇ ಬಲೆ, ಹಗ್ಗ, ತೇಲುವ ಬುರುಡೆ. ದೋಣಿಯವರೇ ಸೇರಿ ಎರಡು ದಿನದಲ್ಲಿ ಹೆಣೆದು ತೋಡು ಹೊಳೆಗೆ ಸೇರುವಲ್ಲಿ ಅಡ್ಡ ಕಟ್ಟಿದರು. ಎರಡು ಬದಿ ತೆಂಗಿನ ಮರಕ್ಕೆ ಗಂಟು.

ಮೇ ತಿಂಗಳ ಮೊದಲೆರಡು ವಾರ ಚೆನ್ನಾಗಿ ಕೆಲಸ ಮಾಡಿತು. ನಾವು ಬೀಗಿದೆವು. ಪೇಪರಿನಲ್ಲಿ ಸಣ್ಣ ಸುದ್ದಿಯೂ ಬಂತು.

ಆಮೇಲೆ ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮೊದಲ ದೊಡ್ಡ ಮಳೆಗೆ ತೋಡಿನಲ್ಲಿ ಬರುವುದು ಕವರ್ ಮಾತ್ರ ಅಲ್ಲ. ತೆಂಗಿನ ಮಡಲು, ಬಾಳೆ ದಿಂಡು, ಗೆಲ್ಲು, ತೆಂಗಿನಕಾಯಿ, ಒಮ್ಮೊಮ್ಮೆ ಸತ್ತ ನಾಯಿ. ಎಲ್ಲ ಹೋಗಿ ನಮ್ಮ ಬಲೆಗೆ ಒರಗಿತು. ರಾತ್ರಿ ಒಂದು ಬದಿಯ ಹಗ್ಗ ಕಡಿದುಹೋಯಿತು. ಬೆಳಿಗ್ಗೆ ನೋಡಿದರೆ ಬುರುಡೆ ಸಮೇತ ಇಡೀ ತಡೆ ಕಾಂಡ್ಲಾದ ಮೇಲೆ ಮಲಗಿತ್ತು. ಅದನ್ನು ಬಿಡಿಸಲು ನಮಗೆ ನಾಲ್ಕು ದಿನ ಹಿಡಿಯಿತು. ಕಸ ತಡೆಯಲು ಕಟ್ಟಿದ್ದೇ ಆ ವರ್ಷದ ಅತಿ ದೊಡ್ಡ ಒಂಟಿ ಕಸ. ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಎದುರು ಏನು ಬರೆಯಬೇಕು ಅಂತ ಗೊತ್ತಾಗದೆ ಆ ಸಾಲು ಖಾಲಿ ಬಿಟ್ಟಿದ್ದೇನೆ, ಈಗಲೂ ಹಾಗೇ ಇದೆ.

ತಡೆ ಕಟ್ಟುವುದೇ ತಪ್ಪು ಅಂತ ಇದರ ಅರ್ಥ ಅಲ್ಲ. ನೀರು ನಿಧಾನ ಹರಿಯುವ ಕಡೆ, ದಿನಾ ಖಾಲಿ ಮಾಡುವ ಆಳು ಇದ್ದರೆ ಆಗುತ್ತದೆ. ನಮ್ಮಲ್ಲಿ ಎರಡೂ ಇರಲಿಲ್ಲ. ಕಟ್ಟುವ ಮೊದಲು ಹಗ್ಗದ ಉದ್ದ ಲೆಕ್ಕ ಹಾಕಿದೆವು, ಮಳೆಗೆ ಮುಂಚೆ ಬಿಚ್ಚುವವ ಯಾರು ಅಂತ ಕೇಳಿಕೊಳ್ಳಲಿಲ್ಲ.

ಚಿಪ್ಪಿನ ಅಕ್ಕ ಹೇಳಿದ್ದು

ತಿರುವು ಬಂದದ್ದು ಸಭೆಯಲ್ಲಿ ಅಲ್ಲ. ಮಳೆ ಮುಗಿದ ಮೇಲೆ ಒಂದು ದಿನ ನೀರು ಇಳಿದಾಗ ನಾನು, ಇನ್ನಿಬ್ಬರು ಕುದ್ರುವಿನ ಹತ್ತಿರ ಹೆಕ್ಕುತ್ತಿದ್ದೆವು. ಅಲ್ಲೇ ಒಬ್ಬರು ಚಿಪ್ಪು ಹೆಕ್ಕುತ್ತಿದ್ದರು. ಅರವತ್ತು ದಾಟಿದವರು, ಹುಡುಗಿಯಾಗಿದ್ದಾಗಿನಿಂದ ಅದೇ ಕೆಲಸ. ನಮ್ಮನ್ನು ಬಹಳ ಹೊತ್ತು ನೋಡಿದರು.

"ಬಾ ಮಾಣಿ, ಇಲ್ ಕಾಣ್" ಅಂತ ಕರೆದರು.

ಕೆಸರಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿತ್ತು. ಹಾಸಿಗೆಯ ಅಗಲ. ಮೇಲೆ ತೆಳ್ಳಗೆ ಹೊಯಿಗೆ ಕೂತು, ನಾವು ಅದರ ಮೇಲೇ ನಡೆದು ಹೋಗಿದ್ದರೂ ಗೊತ್ತಾಗಿರಲಿಲ್ಲ. ಅವರು ಒಂದು ಮೂಲೆ ಹಿಡಿದು ಎತ್ತಿದರು. ಸುತ್ತ ಬೂದು ಬಣ್ಣದ ಕೆಸರು, ಹಾಳೆಯ ಅಡಿ ಮಾತ್ರ ಟಾರಿನ ಹಾಗೆ ಕಪ್ಪು. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಅದರೊಳಗೆ ಚಿಪ್ಪುಗಳು ಬಾಯಿ ತೆರೆದು ಸತ್ತು ಬಿದ್ದಿದ್ದವು, ಒಂದರ ಪಕ್ಕ ಒಂದು, ಎಲ್ಲ ಸಣ್ಣವು. ಗಾಳಿಯಾಡದೆ ಉಸಿರು ಕಟ್ಟಿ ಹೋದವು. ಆಕೆ ನಾಲ್ಕೈದು ಚಿಪ್ಪು ತೆಗೆದು ನನ್ನ ಅಂಗೈಗೆ ಹಾಕಿದರು. ಉಗುರಿನಷ್ಟು ಗಾತ್ರ.

ಆಮೇಲೆ ಅಂದರು: "ನೀವ್ ಹೊಳಿ ತಂದ್ ಹಾಕದ್ದ್ ಹೆಕ್ತ್ರಿ. ಹೊಳಿಗೆ ಯಾವಾಗ ಬತ್ತ್ ಅಂದೇಳಿ ಕಂಡ್ರ್ಯಾ? ಕಿಂಡಿ ಹಲ್ಗಿ ತೆಗ್ದ್ ಮರ್ದಿನ ಬಂದ್ ಕಾಣಿ."

ಕಿಂಡಿ ಅಣೆಕಟ್ಟು ನೋಡದವರಿಗೆ ಎರಡು ಮಾತು. ತೋಡಿಗೆ ಅಡ್ಡ ಸಾಲಾಗಿ ಕಂಬಗಳು, ನಡುವೆ ಕಿಂಡಿ. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಮೇಲಿನ ಗದ್ದೆ, ಬಾವಿಗೆ ಸಿಹಿನೀರು ಸಿಗುತ್ತದೆ, ಕೆಳಗಿನ ಉಪ್ಪುನೀರು ಮೇಲೆ ಹತ್ತುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆಯುತ್ತಾರೆ. ಕರಾವಳಿಯಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ನಾವು ಅದನ್ನು ನೋಡಿಯೂ ನೋಡಿರಲಿಲ್ಲ.

ಡಿಸೆಂಬರಿನಿಂದ ಮೇವರೆಗೆ ಪೇಟೆಯಿಂದ ತೇಲಿ ಬಂದ ಕಸ ಎಲ್ಲಿಗೆ ಹೋಗಬೇಕು? ಹಲಗೆಗೆ ತಾಗಿ ನಿಲ್ಲುತ್ತದೆ. ಜಲಕಳೆ ಬೆಳೆದು ಮೇಲಿನಿಂದ ಹಸಿರಾಗಿ ಕಾಣುತ್ತದೆ. ಐದಾರು ತಿಂಗಳ ಕಸ ಅದರಡಿ. ಹಲಗೆ ತೆಗೆದ ದಿನ ಎಲ್ಲ ಒಟ್ಟಿಗೆ ಹೊಳೆಗೆ. ನಾವು ಹೆಣೆದ ತಡೆ ಕಡಿದುಹೋದದ್ದು ಮಳೆಗೆ ಅಂತ ತಿಳಿದಿದ್ದೆವಲ್ಲ, ಆಮೇಲೆ ವಿಚಾರಿಸಿದರೆ ಆ ಹಿಂದಿನ ದಿನವೇ ಹಲಗೆ ತೆಗೆದಿದ್ದರು.

ಅಂದರೆ ದುಡ್ಡು ಕೊಟ್ಟು ಕಟ್ಟಬೇಕು ಅಂತ ನಾವು ಕನಸು ಕಂಡ ತಡೆ ಊರಿನಲ್ಲಿ ಮೊದಲೇ ಇತ್ತು. ಸಿಹಿನೀರಿನಲ್ಲಿ, ಉಪ್ಪು ಹತ್ತದ ಕಸ ಹಿಡಿದುಕೊಂಡು.

ಚೀಲ ಬಿಚ್ಚಿದ ದಿನ

ಅಲ್ಲಿಂದ ಒಂದು ನಿರ್ಧಾರ ಮಾಡಿದೆವು, ಅದಕ್ಕೆ ಜಗಳವೂ ಆಯಿತು: ಮೂರು ತಿಂಗಳು ದಂಡೆ ಸ್ವಚ್ಛ ಮಾಡುವುದು ಬಂದ್. ಹೆಕ್ಕುವ ಬದಲು ನೋಡುವುದು. "ಸುಮ್ನೆ ಕೂತ್ಕೊಂಡ್ರೆ ಜನ ಎಂತ ಹೇಳ್ತಾರೆ?" ಅಂತ ಅರ್ಧ ಜನ. ಫೋಟೋ ಇಲ್ಲದೆ ಮೂರು ತಿಂಗಳು ಕಳೆಯುವುದು ಯುವಕ ಮಂಡಲಕ್ಕೆ ಸುಲಭದ ಮಾತಲ್ಲ.

ನಾಲ್ಕು ಜಾಗದಿಂದ ಎರಡೆರಡು ಚೀಲ ತಂದು ಪಂಚಾಯತ್ ಘಟಕದ ನೆಲದ ಮೇಲೆ ಸುರಿದೆವು: ಅಣೆಕಟ್ಟಿನ ಹಲಗೆಯ ಹಿಂದಿನದು, ಸೇತುವೆಯ ಅಡಿಯದು, ಜೆಟ್ಟಿಯ ಹತ್ತಿರದ್ದು, ಕುದ್ರುವಿನದ್ದು. ಒಕ್ಕೂಟದ ಅಕ್ಕಂದಿರು ಬೇರ್ಪಡಿಸಲು ಕೂತರು. ಅವರ ಕೈ ನೋಡಬೇಕು. ಒಂದು ಕವರನ್ನು ಬೆರಳಲ್ಲಿ ತಿಕ್ಕಿದರೆ ಯಾವ ಜಾತಿ, ಹೋಗುತ್ತದಾ ಇಲ್ಲವಾ ಅಂತ ಹೇಳುತ್ತಾರೆ.

ಹಲಗೆಯ ಹಿಂದಿನ ಚೀಲದಲ್ಲಿ ಜಾಸ್ತಿ ಇದ್ದದ್ದು ಕಾಲು ಲೀಟರಿನ ನೀರಿನ ಬಾಟ್ಲಿ. ಮುಚ್ಚಳ ಹಾಕಿದವು. ಮುಚ್ಚಳ ಇದ್ದರೆ ತೇಲುತ್ತದೆ, ಇಲ್ಲದಿದ್ದರೆ ನೀರು ತುಂಬಿ ಮುಳುಗುತ್ತದೆ, ಯಾಕೆಂದರೆ ಆ ಪ್ಲಾಸ್ಟಿಕ್ ನೀರಿಗಿಂತ ಭಾರ. ಮುಳುಗಿದವು ಎಷ್ಟೋ! ಪೇಟೆಯಲ್ಲಿ ಅಷ್ಟು ಸಣ್ಣ ಬಾಟ್ಲಿ ಅಂಗಡಿಯಲ್ಲಿ ಯಾರೂ ಕೊಳ್ಳುವುದಿಲ್ಲ. ಅದು ಮದುವೆ ಊಟದ ಎಲೆಯ ಪಕ್ಕ ಇಡುವುದು. ತೋಡಿನ ಬದಿಯಲ್ಲೇ ಎರಡು ಕಲ್ಯಾಣ ಮಂಟಪ.

ಸೇತುವೆಯ ಅಡಿಯ ಚೀಲದಲ್ಲಿ ಡೈಪರ್, ಪೂಜೆಯ ಹೂವು ತುಂಬಿ ಗಂಟು ಹಾಕಿದ ಕವರ್, ಚೌಕಟ್ಟು ಮುರಿದ ದೇವರ ಪಟ. ಹೂವನ್ನು ಹರಿಯುವ ನೀರಿಗೆ ಬಿಡಬೇಕು ಅನ್ನುವ ಭಕ್ತಿ ಇದೆ. ಕವರಿನಿಂದ ಬಿಚ್ಚಿ ಬಿಡಬೇಕು ಅನ್ನುವುದು ಮರೆತಿದೆ.

ಕುದ್ರುವಿನ ಚೀಲದಲ್ಲಿ ಎಲ್ಲ ಸ್ವಲ್ಪ ಸ್ವಲ್ಪ. ಚಪ್ಪಲಿ, ಮದ್ಯದ ಟೆಟ್ರಾ ಪ್ಯಾಕ್, ಮಾತ್ರೆಯ ಹಾಳೆ, ಥರ್ಮೋಕೋಲ್ ಚೂರು. ಮತ್ತೆ ಶಾಂಪೂ ಚೀಟು, ತುಂಬ. ಎಲ್ಲದರ ಮೂಲೆ ಹಲ್ಲಿನಲ್ಲಿ ಕಚ್ಚಿ ಹರಿದದ್ದು. ನನ್ನ ಅಂಗಡಿಯ ಬಾಗಿಲಲ್ಲಿ ಮಾಲೆಯ ಹಾಗೆ ತೂಗುತ್ತಿದ್ದವೂ ಅದೇ ಕಂಪೆನಿಯವು, ಅದೇ ಬಣ್ಣದವು. ಯಾರೂ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ವಾಸಿ ಇತ್ತು.

ಜೆಟ್ಟಿಯ ಚೀಲ ಎಲ್ಲಕ್ಕಿಂತ ಭಾರ. ಬಲೆಯ ತುಂಡು, ಹಗ್ಗ, ಐಸ್ ಪೆಟ್ಟಿಗೆಯ ಥರ್ಮೋಕೋಲ್, ಆಯಿಲ್ ಡಬ್ಬ. ಇದು ಪೇಟೆಯದಲ್ಲ, ನಮ್ಮದೇ. ದೋಣಿಯ ಮೇಲೆ ಕೂತು ಬಲೆ ರಿಪೇರಿ ಮಾಡುವಾಗ ಕತ್ತರಿಸಿದ ತುಂಡು ಎಲ್ಲಿ ಬೀಳುತ್ತದೆ? ನೀರಿಗೆ. ಟ್ರಾಲ್ ಬಲೆಯ ಪ್ಲಾಸ್ಟಿಕ್ ನೀರಿಗಿಂತ ಹಗುರ, ತೇಲಿ ದಂಡೆಗೆ ಬರುತ್ತದೆ. ಸಣ್ಣ ಕಣ್ಣಿನ ನೈಲಾನ್ ಬಲೆ ಭಾರ, ತಳಕ್ಕೆ ಹೋಗಿ ಕೂರುತ್ತದೆ, ಅಲ್ಲೇ ಏಡಿ, ಮೀನು ಹಿಡಿಯುತ್ತಾ ಇರುತ್ತದೆ. ನಾವು ದಂಡೆಯಲ್ಲಿ ಕಂಡದ್ದು ತೇಲುವ ಭಾಗ ಮಾತ್ರ.

ದೋಣಿಯವರ ಜೊತೆಗಿನ ಸಂಜೆ

ಮಗುಚಿದ ದೋಣಿಯ ಮಾಲೀಕರೇ ಈ ಕೆಲಸಕ್ಕೆ ಮೊದಲು ನಮ್ಮನ್ನು ಎಬ್ಬಿಸಿದವರು. ಅವರೆದುರು ಬಲೆ ತುಂಡಿನ ಚೀಲ ಇಟ್ಟು ಮಾತಾಡುವುದು ಹೇಗೆ? ನಮ್ಮಲ್ಲೊಬ್ಬ ಆತುರದ ಹುಡುಗ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿಬಿಟ್ಟಿದ್ದ. ಸಂಜೆ ಸಭೆಗೆ ಬಂದವರ ಮುಖ ಬಿಗಿದಿತ್ತು.

"ಪ್ಯಾಟಿಯರ್ ಕಸ ತಂದ್ ನಮ್ ಹೊಳಿಗ್ ಹಾಕ್ತ್ರ್, ನೀವ್ ನಮ್ಮನ್ನೇ ಕಳ್ರ್ ಮಾಡ್ತ್ರ್ಯಾ?" ಅಂದರು ಒಬ್ಬರು. ಹತ್ತಿಪ್ಪತ್ತು ಜನ ಎದ್ದು ನಿಂತರು.

ಆ ಹೊತ್ತಿಗೆ ಸಭೆ ಉಳಿಸಿದ್ದು ನಮ್ಮ ವಾದ ಅಲ್ಲ. ಹಿಂದೆ ಕೂತಿದ್ದ ಒಬ್ಬ ಹಿರಿಯ ದೋಣಿಯವರು ಎದ್ದು, "ಬಲಿ ತುಂಡ್ ನೀರಿಗ್ ಹಾಕ್ದೆ ಎಲ್ಲಿಗ್ ಹಾಕುದ್ ಹೇಳಿ" ಅಂತ ಕೇಳಿದರು. ಸಿಟ್ಟಲ್ಲ, ನಿಜವಾದ ಪ್ರಶ್ನೆ. ಜೆಟ್ಟಿಯಲ್ಲಿ ಒಂದು ಡ್ರಮ್ ಕೂಡ ಇರಲಿಲ್ಲ. ಪಂಚಾಯತ್ ಗಾಡಿ ಮನೆಮನೆಗೆ ಹೋಗುತ್ತದೆ, ಜೆಟ್ಟಿಗೆ ಬರುವುದಿಲ್ಲ. ಜೆಟ್ಟಿ ಯಾರ ಸುಪರ್ದಿಗೆ ಅನ್ನುವುದೇ ಎರಡು ಇಲಾಖೆಗಳ ನಡುವೆ ತೀರ್ಮಾನ ಆಗಿರಲಿಲ್ಲ. ಮನೆಯ ಕಸಕ್ಕೆ ಇರುವ ದಾರಿ ದುಡಿಯುವ ಜಾಗದ ಕಸಕ್ಕೆ ಇರಲಿಲ್ಲ.

ನಾನು ಅಲ್ಲಿ ನನ್ನ ಶಾಂಪೂ ಚೀಟಿನ ವಿಷಯ ಹೇಳಿದೆ. ಮೊದಲೇ ಯೋಚಿಸಿ ಹೇಳಿದ್ದಲ್ಲ. ನಗು ಬಂತು ಎಲ್ಲರಿಗೂ. ಆಮೇಲೆ ಮಾತು ಸ್ವಲ್ಪ ಸಡಿಲ ಆಯಿತು.

ಕೇರಳದ ಕೊಲ್ಲಂ ಹತ್ತಿರ ನೀಂಡಕರ ಬಂದರಿನಲ್ಲಿ 2017ರಲ್ಲಿ ಶುರುವಾದ ಶುಚಿತ್ವ ಸಾಗರಂ ಬಗ್ಗೆ ಒಬ್ಬರಿಗೆ ಗೊತ್ತಿತ್ತು. ಅಲ್ಲಿ ಬೋಟಿನವರು ಬಲೆಗೆ ಸಿಕ್ಕಿದ ಪ್ಲಾಸ್ಟಿಕನ್ನು ವಾಪಸ್ ನೀರಿಗೆ ಎಸೆಯದೆ ಚೀಲದಲ್ಲಿ ದಡಕ್ಕೆ ತರುತ್ತಿದ್ದರು, ತೊಳೆದು ಪುಡಿ ಮಾಡಿ ರಸ್ತೆ ಡಾಂಬರಿಗೆ ಹಾಕುತ್ತಿದ್ದರು. ಅದನ್ನು ಹಾಗೇ ಇಲ್ಲಿಗೆ ತರಲು ನಮ್ಮ ಹತ್ತಿರ ಯಂತ್ರ ಇಲ್ಲ, ಸರಕಾರದ ಯೋಜನೆಯೂ ಇಲ್ಲ. ಒಂದು ಭಾಗ ಮಾತ್ರ ತಗೊಂಡೆವು: ದೋಣಿಗೊಂದು ಚೀಲ, ಜೆಟ್ಟಿಗೆ ಎರಡು ಡ್ರಮ್. ಒಂದು ಬಲೆ ಮತ್ತು ಹಗ್ಗಕ್ಕೆ, ಇನ್ನೊಂದು ಉಳಿದದ್ದಕ್ಕೆ. ಬಲೆಯ ತುಂಡು ನೀರಿಗೆ ಬೀಳದೆ ಒಣಗಿಯೇ ಇದ್ದರೆ ಗುಜರಿಯವರು ತೂಕಕ್ಕೆ ತಗೊಳ್ಳುತ್ತಾರೆ. ಆ ದುಡ್ಡು ಯಾರಿಗೆ ಅನ್ನುವ ಚರ್ಚೆಗೇ ಇನ್ನೆರಡು ಸಂಜೆ ಹೋಯಿತು. ಕೊನೆಗೆ ಜೆಟ್ಟಿಯಲ್ಲಿ ಐಸ್ ಹೊರುವ ಇಬ್ಬರು ಡ್ರಮ್ ನೋಡಿಕೊಳ್ಳುವುದು, ದುಡ್ಡೂ ಅವರಿಗೇ ಅಂತ ಆಯಿತು. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ನಾವು ಮಾಡಿದ ಅತಿ ಒಳ್ಳೆಯ ತೀರ್ಮಾನ ಅದು. ಮಂಡಲದವರು ಭಾನುವಾರ ಬರುತ್ತಾರೆ. ಅವರಿಬ್ಬರು ದಿನಾ ಅಲ್ಲೇ ಇರುತ್ತಾರೆ.

ಹಲಗೆಯ ಲೆಕ್ಕ

ಎರಡನೇ ವರ್ಷದ ಮೇ ತಿಂಗಳು. ಹಲಗೆ ತೆಗೆಯುವ ಒಂದು ವಾರ ಮುಂಚೆ ಅಣೆಕಟ್ಟಿನ ಹಿಂದೆ ಇಳಿದೆವು. ದಂಡೆಯ ಕೆಲಸಕ್ಕೆ ಬರದವರೂ ಇದಕ್ಕೆ ಬಂದರು, ಯಾಕೆಂದರೆ ಗದ್ದೆಯವರಿಗೂ ಕಳೆ ತೆಗೆಯುವುದು ಬೇಕಿತ್ತು. ಎರಡು ಪಾತಿ ದೋಣಿ, ದಡದಿಂದ ಕೈಯಲ್ಲಿ ಎಳೆಯುವ ಹಳೇ ಕೈರಂಪಣಿ ಬಲೆಯ ತುಂಡು ಒಂದು. ಕಳೆಯನ್ನು ಬಲೆಯಲ್ಲಿ ಸುತ್ತುಗಟ್ಟಿ ದಡಕ್ಕೆ ಎಳೆಯುವುದು, ಅಲ್ಲಿ ಹೆಂಗಸರು ಕಳೆಯಿಂದ ಕಸ ಬಿಡಿಸುವುದು. ಮೂರು ದಿನ. ಕಳೆ ತೆಂಗಿನ ಬುಡಕ್ಕೆ ಹೋಯಿತು. ಕಸವನ್ನು ಮಂಟಪದ ಅಂಗಳದಲ್ಲಿ ಹರಡಿ ಒಣಗಿಸಿದೆವು, ಮಂಟಪದವರೇ ಜಾಗ ಕೊಟ್ಟರು. ಒಣಗಿದ ಮೇಲೆ ಘಟಕದ ಅಕ್ಕಂದಿರು ಗೊಣಗದೆ ತಗೊಂಡರು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಇರುವಂಥ, ದಿನಕ್ಕೆ 10 ಟನ್ ಒಣ ಕಸ ಬೇರ್ಪಡಿಸುವ ದೊಡ್ಡ ಘಟಕಗಳು ಬಂದ ಮೇಲೆ ಪಂಚಾಯತ್‌ಗಳಿಗೆ ಒಣ ಕಸ ಕಳಿಸಲು ಒಂದು ದಾರಿ ಆಗಿದೆ. ಆದರೆ ಆ ದಾರಿಯಲ್ಲಿ ಹೋಗುವುದು ಒಣಗಿದ, ಮಣ್ಣಿಲ್ಲದ ಕಸ. ಹನ್ನೊಂದು ಭಾನುವಾರ ಹೆಕ್ಕಿದ್ದಕ್ಕಿಂತ ಈ ಮೂರು ದಿನದಲ್ಲಿ ಸಾಗಿಸಿದ್ದು ಜಾಸ್ತಿ.

ಆ ವರ್ಷ ಮಳೆಗಾಲದ ಮೊದಲ ಏರಿನಲ್ಲಿ ಕುದ್ರುವಿಗೆ ಬಾಟ್ಲಿ ಬಂದವು, ಆದರೆ ಚಾಪೆ ಹಾಸಿದ ಹಾಗೆ ಅಲ್ಲ. ಚಿಪ್ಪಿನ ಅಕ್ಕನನ್ನು ಕೇಳಿದೆ. "ಅಡ್ಡಿಲ್ಲೆ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಮೂರನೇ ವರ್ಷ ಸೋತೆವು. ಮೇ ನಡುವಿನಲ್ಲೇ ಮೋಡ ಕಟ್ಟಿ ಜೋರು ಮಳೆ ಬಂತು. ಮೇಲಿನ ಗದ್ದೆ, ತೋಟಕ್ಕೆ ನೀರು ನುಗ್ಗುತ್ತದೆ ಅಂತ ಗುತ್ತಿಗೆದಾರರು ರಾತ್ರೋರಾತ್ರಿ ಹಲಗೆ ಎತ್ತಿಸಿದರು. ನಾವು ನಿಗದಿ ಮಾಡಿದ ದಿನಕ್ಕೆ ಇನ್ನೂ ಐದು ದಿನ ಇತ್ತು. ಬೆಳಿಗ್ಗೆ ಹೋಗಿ ನೋಡಿದರೆ ತೋಡು ಸ್ವಚ್ಛ. ಅಷ್ಟು ಸ್ವಚ್ಛ ತೋಡು ನೋಡಿ ಅಷ್ಟು ಬೇಜಾರು ಯಾರಿಗೂ ಆಗಿರಲಿಕ್ಕಿಲ್ಲ. ಗುತ್ತಿಗೆದಾರರ ತಪ್ಪೂ ಅಲ್ಲ. ನೀರು ನೋಡಿ ಹಲಗೆ ತೆಗೆಯುವುದು ಅವರ ಕೆಲಸ. ನಮ್ಮ ಕೆಲಸ ಅವರ ಕಾಗದದಲ್ಲಿ ಎಲ್ಲೂ ಇಲ್ಲ. ಕಸ ತೆಗೆದ ಮೇಲೆ ಹಲಗೆ ತೆಗೆಯಬೇಕು ಅಂತ ಗುತ್ತಿಗೆಯ ಷರತ್ತಿನಲ್ಲೇ ಒಂದು ಸಾಲು ಸೇರಿಸಿ ಅಂತ ಅರ್ಜಿ ಕೊಟ್ಟಿದ್ದೇವೆ. ಅಣೆಕಟ್ಟಿನ ಒಂದು ದಂಡೆ ನಮ್ಮ ಪಂಚಾಯತ್, ಇನ್ನೊಂದು ದಂಡೆ ಪಕ್ಕದ್ದು. ಅರ್ಜಿ ಸೇತುವೆ ದಾಟಿ ಆಚೆ ಹೋಗಿದೆ, ಈಚೆ ಬಂದಿಲ್ಲ. ಈಗ ನಾವು ಒಂದೇ ದೊಡ್ಡ ದಿನಕ್ಕೆ ಕಾಯುವುದಿಲ್ಲ. ಫೆಬ್ರವರಿಯಿಂದ ತಿಂಗಳಿಗೊಮ್ಮೆ ಹಲಗೆಯ ಹಿಂದೆ ಇಳಿಯುತ್ತೇವೆ.

ಉಳಿದ ಪ್ರಯತ್ನಗಳಲ್ಲಿ ಕೆಲವು ನಿಂತವು, ಕೆಲವು ಬಿದ್ದವು. ಮಂಟಪದ ಒಬ್ಬ ಮಾಲೀಕರು ಸಣ್ಣ ಬಾಟ್ಲಿ ನಿಲ್ಲಿಸಿ ಸ್ಟೀಲ್ ಲೋಟ ತಂದರು. ಇನ್ನೊಬ್ಬರು "ಮದುವೆಯವರೇ ತರುತ್ತಾರೆ, ನಾನೇನು ಮಾಡಲಿ" ಅಂದರು. ಅವರ ಮಾತಲ್ಲೂ ಸುಳ್ಳಿಲ್ಲ. ಕರ್ನಾಟಕದಲ್ಲಿ 2016ರಿಂದ, ದೇಶಕ್ಕೆಲ್ಲ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್‌ಗೆ ನಿಷೇಧ ಇದೆ. ದೇಶದ ಪಟ್ಟಿಯಲ್ಲಿ ನೀರಿನ ಬಾಟ್ಲಿ ಇಲ್ಲ, ಶಾಂಪೂ ಚೀಟಿಲ್ಲ. ಥರ್ಮೋಕೋಲ್ ಇದೆ, ಆದರೆ ಅಲಂಕಾರದ್ದು ಮತ್ತು ತಟ್ಟೆ ಲೋಟದ್ದು, ಮೀನಿನ ಪೆಟ್ಟಿಗೆಯದಲ್ಲ. ನಮ್ಮ ಚೀಲಗಳಲ್ಲಿ ಸಿಕ್ಕಿದ್ದರಲ್ಲಿ ಎಷ್ಟು ಭಾಗಕ್ಕೆ ಕಾನೂನು ತಾಗುತ್ತದೆ ಅಂತ ಒಂದು ಸಂಜೆ ಕೂತು ನೋಡಿದೆವು. ಆಮೇಲೆ ಕಾನೂನಿನ ಬೋರ್ಡ್ ಬರೆಸುವ ಯೋಚನೆ ಬಿಟ್ಟೆವು.

ಸೇತುವೆಯ ಮೇಲೆ ಹೂವಿಗೊಂದು ತೊಟ್ಟಿ ಇಟ್ಟೆವು. ದೇವಸ್ಥಾನದ ಭಟ್ಟರೇ ಬಂದು ಮೊದಲ ಹೂವು ಹಾಕಿದರು, ಅದರಿಂದ ತುಂಬ ಉಪಕಾರ ಆಯಿತು. ಹೂವು ಈಗ ಗೊಬ್ಬರಕ್ಕೆ ಹೋಗುತ್ತದೆ. ಡೈಪರ್ ಮಾತ್ರ ನಿಂತಿಲ್ಲ. ರಾತ್ರಿ ಸ್ಕೂಟರ್ ನಿಧಾನ ಆಗುತ್ತದೆ, ಒಂದು ಕೈ ಹೊರಗೆ ಬರುತ್ತದೆ, ಅಷ್ಟೆ. ಮಗುವಿನದ್ದನ್ನು ಬೆಂಕಿಗೆ ಹಾಕಬಾರದು ಅಂತ ಹಿರಿಯರು ಹೇಳುತ್ತಾರೆ, ಗಾಡಿಯವರಿಗೆ ಕೊಡಲು ನಾಚಿಕೆ. ಸೊಸೆಯಂದಿರ ಜೊತೆ ಮಾತಾಡಬೇಕಾದ್ದು ನಮ್ಮಂಥ ಗಂಡಸರ ಮಂಡಲ ಅಲ್ಲ, ಆಶಾ ಕಾರ್ಯಕರ್ತೆಯರು ಅಂತ ಅರ್ಥ ಆಗಲು ನಮಗೆ ಎರಡು ವರ್ಷ ಬೇಕಾಯಿತು. ಈಗ ಶುರು ಮಾಡಿದ್ದಾರೆ.

ನನ್ನ ಅಂಗಡಿಯಲ್ಲಿ ಶಾಂಪೂ ಚೀಟಿನ ಮಾಲೆ ಇಳಿಸಿದೆ. ಎರಡು ತಿಂಗಳು. ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಕೂಲಿ ಮುಗಿಸಿ ಬರುವ ಹೆಂಗಸಿಗೆ ಬಾಟ್ಲಿ ಕೊಳ್ಳುವಷ್ಟು ದುಡ್ಡು ಒಟ್ಟಿಗೆ ಕೈಯಲ್ಲಿ ಇರುವುದಿಲ್ಲ, ಇದು ನನಗೆ ಗೊತ್ತಿಲ್ಲದ್ದೇನಲ್ಲ. ಮಾಲೆ ವಾಪಸ್ ಹಾಕಿದ್ದೇನೆ. ಪಕ್ಕದಲ್ಲೇ ಒಂದು ಡಬ್ಬ ಇಟ್ಟಿದ್ದೇನೆ, ಖಾಲಿ ಚೀಟು ಹತ್ತು ತಂದರೆ ಮಕ್ಕಳಿಗೆ ಒಂದು ಮಿಠಾಯಿ. ಮಿಠಾಯಿಗೂ ಪ್ಲಾಸ್ಟಿಕ್ ಕಾಗದ ಇದೆ ಅಂತ ನನ್ನ ಮಗಳು ಹೇಳಿದಳು. ಈಗ ಕಡಲೆ ಕೊಡುತ್ತೇನೆ, ಪೇಪರ್ ಪೊಟ್ಟಣದಲ್ಲಿ.

ಈ ವರ್ಷ ಹಲಗೆ ತೆಗೆಯುವ ದಿನ ಇನ್ನೂ ಗೊತ್ತಾಗಿಲ್ಲ. ಹಲಗೆ ಎತ್ತುವ ಕೆಲಸದವರ ನಂಬರು ಈಗ ನನ್ನ ಫೋನಿನಲ್ಲಿದೆ. ಗುತ್ತಿಗೆದಾರರದ್ದಲ್ಲ, ನೀರಿಗೆ ಇಳಿದು ಹಲಗೆ ಎತ್ತುವವರದ್ದು. ನಿನ್ನೆ ಫೋನ್ ಮಾಡಿ ಯಾವಾಗ ಅಂತ ಕೇಳಿದೆ.

"ಮೋಡ ಕಂಡ್ಕಂಡ್ ಹೇಳ್ತೆ" ಅಂದರು. "ರಾತ್ರಿ ಆದ್ರೂ ಫೋನ್ ಮಾಡ್ಲಕ್ಕಾ?"

ಮಾಡಿ ಅಂದೆ. ಚೀಲಗಳನ್ನು ಒಣಗಿಸಿ ಅಂಗಡಿಯ ಹಿಂದೆ ಮಡಚಿ ಇಟ್ಟಿದ್ದೇವೆ.